ತೊಳೆದ ಮೇಲೂ ಕೋಸಂಬರಿ ಕೆಡುವುದು ಯಾಕೆ?

ಮೂರು ವರ್ಷದ ಹಿಂದೆ ರಾಮನವಮಿ ದಿನ ನಮ್ಮ ಮನೆಯಲ್ಲಿ ಒಂಬತ್ತು ಜನಕ್ಕೆ ವಾಂತಿ-ಭೇದಿ ಶುರುವಾಯಿತು. ಬೆಳಿಗ್ಗೆ ಏಳು ಗಂಟೆಗೇ ಸೌತೆಕಾಯಿ ಹೆಚ್ಚಿ, ನೆನೆಸಿದ ಹೆಸರುಬೇಳೆ, ತೆಂಗಿನತುರಿ, ಕೊತ್ತಂಬರಿ ಸೊಪ್ಪು, ಉಪ್ಪು ಎಲ್ಲ ಬೆರೆಸಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟಿದ್ದೆವು. ಪೂಜೆ ಮುಗಿದು ಪಾನಕ, ಕೋಸಂಬರಿ ಹಂಚುವಾಗ ಮಧ್ಯಾಹ್ನ ಒಂದೂವರೆ. ಬಿರು ಬೇಸಿಗೆ, ಪಾತ್ರೆ ಇದ್ದದ್ದು ಒಲೆಯ ಪಕ್ಕದ ಕಟ್ಟೆ ಮೇಲೆ. ಸಂಜೆ ಹೊತ್ತಿಗೆ ಒಬ್ಬೊಬ್ಬರೇ ಮಲಗಿದರು. ಅಕ್ಕನ ಮಗಳು ಆರು ತಿಂಗಳ ಬಸುರಿ, ಅವಳನ್ನು ರಾತ್ರಿಯೇ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು.

ಅತ್ತೆಗೆ ತುಂಬಾ ನೋವಾಗಿತ್ತು. "ಸೌತೆಕಾಯಿ ನಾನೇ ತೊಳೆದಿದ್ದು, ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆದಿದ್ದೀನಿ ಕಣಮ್ಮಾ" ಅಂತ ಅಕ್ಕನ ಹತ್ತಿರ ಮತ್ತೆ ಮತ್ತೆ ಹೇಳುತ್ತಿದ್ದರು. ಅವರು ಹೇಳಿದ್ದು ನಿಜ. ಅವರಷ್ಟು ಶುಚಿಯಾಗಿ ಅಡುಗೆ ಮಾಡುವವರನ್ನು ನಾನು ನೋಡಿಲ್ಲ. ಆದರೆ ಡಾಕ್ಟರು ತೊಳೆದಿರಾ ಅಂತ ಕೇಳಲೇ ಇಲ್ಲ. "ಹೆಚ್ಚಿದ್ದು ಎಷ್ಟು ಗಂಟೆಗೆ? ತಿಂದದ್ದು ಎಷ್ಟು ಗಂಟೆಗೆ?" ಅಂತ ಕೇಳಿದರು.

ಆ ಒಂದು ಪ್ರಶ್ನೆಯಿಂದ ನನಗೆ ಈ ವಿಷಯದ ಹುಚ್ಚು ಹಿಡಿಯಿತು. ಆಮೇಲೆ ಓದಿದ್ದು, ಕೇಳಿ ತಿಳಿದದ್ದು, ಅಡುಗೆಮನೆಯಲ್ಲಿ ಬದಲಾಯಿಸಿಕೊಂಡಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾವೆಲ್ಲ ತೊಳೆಯುವುದರ ಮೇಲೆ ಪೂರ್ತಿ ಭರವಸೆ ಇಟ್ಟಿದ್ದೇವೆ. ತೊಳೆದರೆ ಕೀಟಾಣು ಕಡಿಮೆಯಾಗುತ್ತವೆ, ಆದರೆ ಖಾಲಿಯಾಗುವುದಿಲ್ಲ. ಉಳಿದವು ಹೆಚ್ಚಾಗುವುದೋ ಇಲ್ಲವೋ ಅನ್ನುವುದು ಹೆಚ್ಚಿದ ಮೇಲೆ ನಾವು ಎಷ್ಟು ಹೊತ್ತು ಬಿಡುತ್ತೇವೆ, ಎಲ್ಲಿ ಇಡುತ್ತೇವೆ ಅನ್ನುವುದರ ಮೇಲೆ ನಿಂತಿದೆ.

ಮೊದಲು ಇವು ಬರುವುದು ಎಲ್ಲಿಂದ ಅಂತ ನೋಡೋಣ. ತರಕಾರಿ ಬೆಳೆಯುವುದು ಮಣ್ಣಿನಲ್ಲಿ. ಸರಿಯಾಗಿ ಕಳಿಯದ ಸಗಣಿ ಗೊಬ್ಬರ, ಹೊಲಕ್ಕೆ ಹಾಯಿಸುವ ನೀರು, ಹೊಲದೊಳಗೆ ಓಡಾಡುವ ದನ, ನಾಯಿ, ಹಕ್ಕಿ, ಎಲ್ಲದರಿಂದಲೂ ಕೀಟಾಣು ಬರಬಹುದು. ಅಲ್ಲಿಂದ ಮೂಟೆ, ಲಾರಿ, ಮಾರ್ಕೆಟ್ಟಿನ ನೆಲ. ಸೊಪ್ಪು ಬಾಡದಿರಲಿ ಅಂತ ಬಕೆಟ್ಟಿನಲ್ಲಿರುವ ನೀರನ್ನು ದಿನವಿಡೀ ಚಿಮುಕಿಸುತ್ತಾರಲ್ಲ, ಆ ನೀರು ಎಲ್ಲಿಯದು ಅಂತ ನಾವು ಯಾರೂ ಕೇಳುವುದಿಲ್ಲ. ಕೊನೆಗೆ ನಮ್ಮ ಕೈ, ಚಾಕು, ಬಟ್ಟೆ. ಬೆಳೆದವರ ತಪ್ಪು, ಮಾರುವವರ ತಪ್ಪು ಅಂತ ಬೆರಳು ತೋರಿಸುವುದು ಸುಲಭ, ಆದರೆ ಎಷ್ಟೋ ಸಲ ಕೊನೆಯ ಹತ್ತು ಅಡಿಯಲ್ಲಿ, ಅಂದರೆ ಸಿಂಕಿನಿಂದ ತಟ್ಟೆಗೆ ಬರುವಷ್ಟರಲ್ಲೇ ಕೆಲಸ ಕೆಡುತ್ತದೆ.

ಇದೇನು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಕೆಟ್ಟ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಸುಮಾರು 1.25 ಲಕ್ಷ ಐದು ವರ್ಷದೊಳಗಿನ ಮಕ್ಕಳು. ಇದು ಎಲ್ಲ ಬಗೆಯ ಆಹಾರವನ್ನೂ ಸೇರಿಸಿದ ಲೆಕ್ಕ. ಆದರೆ ತರಕಾರಿ, ಹಣ್ಣಿಗೆ ಒಂದು ವಿಶೇಷ ಇದೆ. ಮಾಂಸ, ಬೇಳೆ, ಅಕ್ಕಿಯನ್ನು ಬೇಯಿಸುತ್ತೇವೆ, ಬೆಂಕಿ ನಮ್ಮ ತಪ್ಪನ್ನು ಸುಮಾರಾಗಿ ಮುಚ್ಚುತ್ತದೆ. ಹಸಿಯಾಗಿ ತಿನ್ನುವುದಕ್ಕೆ ಆ ಕಾವಲು ಇಲ್ಲ.

ಈಗ ಒಂದು ಲೆಕ್ಕ ಹಾಕೋಣ. ಒಂದು ಸೌತೆಕಾಯಿ ಮೇಲೆ 1,000 ಬ್ಯಾಕ್ಟೀರಿಯಾ ಇವೆ ಅಂದುಕೊಳ್ಳಿ. ಶುದ್ಧ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ನೂರಕ್ಕೆ ತೊಂಬತ್ತು ಹೋಗಬಹುದು, ಕೆಲವು ಸಲ ತೊಂಬತ್ತೊಂಬತ್ತೂ ಹೋಗಬಹುದು. ತೊಂಬತ್ತೇ ಹೋದವು ಅನ್ನಿ, 100 ಉಳಿದವು. ಸಿಪ್ಪೆಯ ಮೇಲೆ ಇರುವಷ್ಟು ಹೊತ್ತು ಅವಕ್ಕೆ ಹೊಟ್ಟೆಗಿಲ್ಲ, ಬೆಳೆಯುವುದಕ್ಕೆ ಆಗದು. ಚಾಕು ಇಟ್ಟ ಕೂಡಲೇ ಸೌತೆಕಾಯಿಯ ರಸ ಹೊರಗೆ ಬರುತ್ತದೆ. ನೀರು, ಸಕ್ಕರೆ ಅಂಶ, ಬೇಸಿಗೆಯ ಬಿಸಿ, ಎಲ್ಲ ಸಿಕ್ಕಿತು. ಇ. ಕೋಲಿಯಂಥ ಬ್ಯಾಕ್ಟೀರಿಯಾ ಹಿತವಾದ ಕಡೆ 20 ನಿಮಿಷಕ್ಕೆ ಎರಡರಷ್ಟಾಗುತ್ತದೆ. ನಾವು ಸ್ವಲ್ಪ ನಿಧಾನವೇ ಹಿಡಿಯೋಣ, ಅರ್ಧ ಗಂಟೆಗೊಂದು ಸಲ ಎರಡರಷ್ಟು. ಐದು ಗಂಟೆಯಲ್ಲಿ ಹತ್ತು ಸಲ. ಆ 100 ಈಗ ಒಂದು ಲಕ್ಷ ದಾಟಿದೆ! ತೊಳೆಯದೆ ತಕ್ಷಣ ತಿಂದಿದ್ದರೂ ಇಷ್ಟು ಹೊಟ್ಟೆಗೆ ಹೋಗುತ್ತಿರಲಿಲ್ಲ. ಹಾಗಂತ ತೊಳೆಯುವುದು ಬೇಡ ಅಂತಲ್ಲ. ಕೆಲವು ಕೀಟಾಣುಗಳು ಹತ್ತಿಪ್ಪತ್ತು ಹೊಟ್ಟೆಗೆ ಹೋದರೂ ಸಾಕು, ಮಲಗಿಸುತ್ತವೆ. ಹಾಗಾಗಿ ತೊಳೆಯುವುದೂ ಬೇಕು, ಹೊತ್ತಿನ ಲೆಕ್ಕವೂ ಬೇಕು.

ನಮ್ಮ ಕೋಸಂಬರಿಗೆ ಉಪ್ಪು ಹಾಕಿದ್ದೆವಲ್ಲ, ಅದರಿಂದ ಕೆಡಬಾರದಲ್ಲ ಅಂತ ನಾನೂ ಕೇಳಿದ್ದೆ. ಉಪ್ಪಿನಕಾಯಿಯಲ್ಲಿ ಹಾಕುವಷ್ಟು ಉಪ್ಪಾದರೆ ಕೀಟಾಣು ಬೆಳೆಯುವುದಿಲ್ಲ. ಕೋಸಂಬರಿಗೆ ಹಾಕುವುದು ರುಚಿಗೆ ತಕ್ಕಷ್ಟು. ಅಷ್ಟು ಉಪ್ಪು ಸೌತೆಕಾಯಿಯಿಂದ ನೀರು ಬಿಡಿಸುವುದಕ್ಕೆ ಸಾಕು, ಕೀಟಾಣು ತಡೆಯುವುದಕ್ಕೆ ಸಾಲದು. ಪಾತ್ರೆಯ ತಳದಲ್ಲಿ ನಿಲ್ಲುವ ಆ ನೀರೇ ಅವುಗಳ ಊಟ. ನಿಂಬೆರಸ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಎರಡು ಹನಿ ಹಿಂಡಿದ ಮಾತ್ರಕ್ಕೆ ಎಲ್ಲ ಸಾಯುವುದಿಲ್ಲ. ಇನ್ನು ಹಸಿ ತೆಂಗಿನತುರಿ ಬೇಸಿಗೆಯಲ್ಲಿ ಎಷ್ಟು ಬೇಗ ಹಳಸುತ್ತದೆ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಸೊಪ್ಪು ತೊಳೆಯುವ ವಿಚಾರಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಟ್ಟು ಬಿಚ್ಚದೆ ನಲ್ಲಿ ಕೆಳಗೆ ಹಿಡಿದು ಕೊಡವಿದರೆ ಅದು ತೊಳೆದ ಹಾಗಲ್ಲ. ಮೊದಲು ನಿಮ್ಮ ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ದಾರ ಬಿಚ್ಚಿ, ಬೇರು ಕತ್ತರಿಸಿ, ಕೊಳೆತ ಎಲೆ, ಹಳದಿ ಎಲೆ ತೆಗೆದುಹಾಕಿ. ಅಗಲವಾದ ಪಾತ್ರೆಯಲ್ಲಿ ಸೊಪ್ಪು ತೇಲುವಷ್ಟು ನೀರು ತುಂಬಿ, ಸೊಪ್ಪು ಹಾಕಿ ಕೈಯಿಂದ ಚೆನ್ನಾಗಿ ಅಲ್ಲಾಡಿಸಿ. ಆಮೇಲೆ ಒಂದು ನಿಮಿಷ ಸುಮ್ನೆ ಬಿಡಿ. ಮಣ್ಣು ಕೆಳಗಿಳಿಯುತ್ತದೆ. ಈಗ ಎರಡೂ ಕೈಯಿಂದ ಸೊಪ್ಪನ್ನು ಮೇಲಕ್ಕೆತ್ತಿ ಇನ್ನೊಂದು ಪಾತ್ರೆಗೆ ಹಾಕಬೇಕು. ನಾನು ಎಷ್ಟೋ ವರ್ಷ ಇಲ್ಲೇ ತಪ್ಪು ಮಾಡುತ್ತಿದ್ದೆ, ಸೊಪ್ಪಿಗೆ ಕೈ ಅಡ್ಡ ಹಿಡಿದು ನೀರನ್ನು ಬಗ್ಗಿಸುತ್ತಿದ್ದೆ. ಆಗ ತಳಕ್ಕೆ ಇಳಿದ ಮಣ್ಣೆಲ್ಲ ವಾಪಸ್ ಸೊಪ್ಪಿನ ಮೇಲೆಯೇ ಬರುತ್ತದೆ. ಸೊಪ್ಪು ಎತ್ತಿದ ಮೇಲೆ ಪಾತ್ರೆಯ ತಳಕ್ಕೆ ಬೆರಳು ಆಡಿಸಿ ನೋಡಿ. ಮರಳು ಕರಕರ ಅಂದರೆ ಇನ್ನೊಂದು ನೀರು. ದಂಟಿನ ಸೊಪ್ಪು, ಪಾಲಕ್‌ಗೆ ಮಳೆಗಾಲದಲ್ಲಿ ಐದು ನೀರು ಬೇಕಾದದ್ದೂ ಉಂಟು. ಬೆರಳಿಗೆ ಏನೂ ಸಿಗದ ಮೇಲೆ ನಿಲ್ಲಿಸಿ. ಹೆಚ್ಚುವುದು ತೊಳೆದಾದ ಮೇಲೆ, ಮೊದಲಲ್ಲ. ಹೆಚ್ಚಿ ತೊಳೆದರೆ ಕೊಳೆ ನೀರು ಕತ್ತರಿಸಿದ ಬಾಯಿಯೊಳಗೆ ಹೋಗುತ್ತದೆ, ಸೊಪ್ಪಿನ ಸತ್ವ ಹೊರಗೆ ಬರುತ್ತದೆ.

ಕೊತ್ತಂಬರಿ ಸೊಪ್ಪಿನ ಬಗ್ಗೆ ಬೇರೆಯಾಗಿ ಹೇಳಬೇಕು. ನಾವು ಸಾರನ್ನು ಕುದಿಸಿ, ಒಲೆ ಆರಿಸಿ, ಕೊನೆಗೆ ಮೇಲಿಂದ ಉದುರಿಸುವುದು ಹಸಿ ಕೊತ್ತಂಬರಿ. ಉಪ್ಪಿಟ್ಟಿಗೂ ಹಾಗೇ, ಚಿತ್ರಾನ್ನಕ್ಕೂ ಹಾಗೇ. ಬೇಯಿಸಿದ ಅಡುಗೆ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ, ಆದರೆ ಅದರ ಮೇಲೆ ಇರುವುದು ಬೇಯದ ಸೊಪ್ಪು. ಮನೆಯಲ್ಲಿ ಬಸುರಿ, ಬಾಣಂತಿ, ಪುಟ್ಟ ಮಕ್ಕಳು, ವಯಸ್ಸಾದವರು, ಕೀಮೋ ತೆಗೆದುಕೊಳ್ಳುತ್ತಿರುವವರು ಇದ್ದರೆ ಸಾರು ಇನ್ನೂ ಕುದಿಯುತ್ತಿರುವಾಗಲೇ ಸೊಪ್ಪು ಹಾಕಿ ಎರಡು ನಿಮಿಷ ಬಿಡಿ. ಘಮ ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಇರಲಿ.

ಸೌತೆಕಾಯಿ, ಕ್ಯಾರೆಟ್, ಮೂಲಂಗಿ, ಸೀಬೆ, ಸೇಬು ಇಂಥ ಗಟ್ಟಿ ಪದಾರ್ಥಗಳನ್ನು ಹರಿಯುವ ನೀರಿನ ಕೆಳಗೆ ಕೈಯಿಂದ ಅಥವಾ ತರಕಾರಿಗೆಂದೇ ಇಟ್ಟ ಬ್ರಷ್‌ನಿಂದ ಉಜ್ಜಬೇಕು. ಉಜ್ಜುವುದರಿಂದಲೇ ಕೀಟಾಣು ಬಿಡುವುದು, ನೆನೆಸಿಡುವುದರಿಂದ ಅಲ್ಲ. ಸಿಪ್ಪೆ ತೆಗೆಯುವುದಿದ್ದರೂ, ಬಿಸಾಡುವುದಿದ್ದರೂ ತೊಳೆಯಿರಿ. ಕಲ್ಲಂಗಡಿ, ಕರಬೂಜ, ಪರಂಗಿ, ಅನಾನಸ್ ಹಣ್ಣಿನ ಸಿಪ್ಪೆಯನ್ನು ಯಾರೂ ತಿನ್ನುವುದಿಲ್ಲ, ಆದರೆ ಚಾಕು ಸಿಪ್ಪೆಯ ಮೂಲಕವೇ ಒಳಗೆ ಇಳಿಯುತ್ತದೆ, ಹೊರಗಿನದ್ದನ್ನು ಒಳಗೆ ಹಚ್ಚುತ್ತಾ ಹೋಗುತ್ತದೆ. ಅದರಲ್ಲೂ ಕರಬೂಜದ ಸಿಪ್ಪೆ ಬಲೆಬಲೆಯಾಗಿ ಒರಟಾಗಿರುತ್ತದೆ, ಸಂದಿಯಲ್ಲಿ ಕೂತದ್ದು ಬೇಗ ಬಿಡುವುದಿಲ್ಲ. 2011ರಲ್ಲಿ ಅಮೆರಿಕದ ಕೊಲೊರಾಡೊದ ಒಂದು ತೋಟದ ಕರಬೂಜದಿಂದ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಹರಡಿ 147 ಜನ ಕಾಯಿಲೆ ಬಿದ್ದರು, 33 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು. ಹಣ್ಣನ್ನು ತೊಳೆದು ತುಂಬುವ ಶೆಡ್ಡಿನ ಯಂತ್ರಗಳು, ನೆಲದಲ್ಲಿ ನಿಂತ ನೀರು, ಅಲ್ಲೇ ಲಿಸ್ಟೀರಿಯಾ ಸಿಕ್ಕಿತು.

ಮಾವಿನಹಣ್ಣಿನ ಕಥೆ ಇನ್ನೂ ವಿಚಿತ್ರ. 1999ರಲ್ಲಿ ಅಮೆರಿಕದಲ್ಲಿ ಬ್ರೆಜಿಲ್‌ನಿಂದ ಬಂದ ಮಾವು ತಿಂದು ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತಗುಲಿತು. ಮಾವು ಸಿಪ್ಪೆ ಇರುವ ಹಣ್ಣು, ಒಳಗೆ ಹೇಗೆ ಹೋಯಿತು? ಹಣ್ಣಿನ ನೊಣದ ಮರಿಗಳು ಸಾಯಲಿ ಅಂತ ಹಣ್ಣನ್ನು ಬಿಸಿನೀರಿನಲ್ಲಿ ಅದ್ದಿ, ಆಮೇಲೆ ತಣ್ಣೀರಿನಲ್ಲಿ ಹಾಕುತ್ತಿದ್ದರು. ಬಿಸಿ ಹಣ್ಣು ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗುತ್ತದೆ, ತೊಟ್ಟಿನ ಜಾಗದಿಂದ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ತಣ್ಣೀರು ಶುದ್ಧವಾಗಿರಲಿಲ್ಲ. ಟೊಮೆಟೊ ಕೂಡ ತೊಟ್ಟಿನ ಗುರುತಿನಿಂದ ಹೀಗೇ ನೀರು ಎಳೆದುಕೊಳ್ಳುತ್ತದೆ. ನಾವು ಮಾವು ತಂದ ಕೂಡಲೇ ಶಾಖ ಇಳಿಯಲಿ ಅಂತ ಬಕೆಟ್ ನೀರಿಗೆ ಹಾಕುತ್ತೇವೆ ಅಲ್ವಾ? ಹಾಕಿ, ಬೇಡ ಅನ್ನುವುದಿಲ್ಲ. ಬಿಸಿಲಿನಿಂದ ಬಂದ ಹಣ್ಣನ್ನು ಮೊದಲು ನೆರಳಿನಲ್ಲಿ ಆರಲು ಬಿಡಿ, ನೀರು ಕುಡಿಯುವ ನೀರಿನಷ್ಟು ಶುದ್ಧವಾಗಿರಲಿ, ತುಂಬಾ ತಣ್ಣಗೆ ಬೇಡ.

ನೀರಿನ ಮಾತು ಬಂತು. ಹಸಿಯಾಗಿ ತಿನ್ನುವುದನ್ನು ತೊಳೆಯುವ ನೀರು ಕುಡಿಯುವ ನೀರೇ ಆಗಿರಬೇಕು. ಬೆಂಗಳೂರಿನಂಥ ಊರಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಎಲ್ಲ ನೀರೂ ಒಂದೇ ಸಂಪಿಗೆ ಬಿದ್ದು, ಮೇಲಿನ ಟ್ಯಾಂಕಿಗೆ ಹೋಗಿ, ನಲ್ಲಿಗೆ ಬರುತ್ತದೆ. ಸಂಪ್ ಕೊನೆಗೆ ತೊಳೆಸಿದ್ದು ಯಾವಾಗ ಅಂತ ಒಮ್ಮೆ ನೆನಪಿಸಿಕೊಳ್ಳಿ. ಎಲ್ಲದಕ್ಕೂ ಕುಡಿಯುವ ನೀರು ಸುರಿಯಲು ಆಗುವುದಿಲ್ಲ, 2024ರ ಬೇಸಿಗೆಯಲ್ಲಿ ಪಾತ್ರೆ ತೊಳೆಯುವುದಕ್ಕೂ ನೀರಿಲ್ಲದೆ ಒದ್ದಾಡಿದ್ದು ನೆನಪಿದೆ. ಹಾಗಾಗಿ ನಮ್ಮ ಮನೆಯಲ್ಲಿ ಮಣ್ಣು ಬಿಡಿಸುವ ಮೊದಲ ನೀರುಗಳಿಗೆ ನಲ್ಲಿ ನೀರು, ಕೊನೆಯ ಒಂದು ಸಲಕ್ಕೆ ಮಾತ್ರ ಕುದಿಸಿ ಆರಿಸಿದ ನೀರು ಅಥವಾ ಫಿಲ್ಟರ್ ನೀರು. ಬೇಯಿಸುವ ತರಕಾರಿಗೆ ನಲ್ಲಿ ನೀರು ಸಾಕು. ತೊಳೆದ ನೀರು ಹಿತ್ತಿಲ ಗಿಡಕ್ಕೆ ಹೋಗುತ್ತದೆ.

ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬೇಡಿ. ಕೊರೊನಾ ಸಮಯದಲ್ಲಿ ಎಷ್ಟೋ ಜನ ಟೊಮೆಟೊ, ದ್ರಾಕ್ಷಿಗೆ ಸೋಪಿನ ಸ್ನಾನ ಮಾಡಿಸಿದರು. ಹಣ್ಣು, ತರಕಾರಿಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ, ಸೋಪು ಅಲ್ಲಿ ಉಳಿದು ಹೊಟ್ಟೆಗೆ ಹೋದರೆ ಅದರಿಂದಲೇ ವಾಂತಿ-ಭೇದಿ ಆಗಬಹುದು. ವಿನೆಗರ್ ಬೆರೆಸಿದ ನೀರು ಬ್ಯಾಕ್ಟೀರಿಯಾವನ್ನು ಸ್ವಲ್ಪ ಜಾಸ್ತಿ ಕಡಿಮೆ ಮಾಡುತ್ತದೆ, ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು, ಆಮೇಲೆ ಶುದ್ಧ ನೀರಿನಲ್ಲಿ ತೊಳೆಯಬೇಕು. ಅಡುಗೆ ಸೋಡಾ ಒಳ್ಳೆಯದು ಅನ್ನುವ ಮಾತು ಬಂದದ್ದು ಕೀಟನಾಶಕದ ವಿಚಾರದಲ್ಲಿ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಪರೀಕ್ಷೆ ಮಾಡಿ, ಸೋಡಾ ನೀರಿನಲ್ಲಿ 12ರಿಂದ 15 ನಿಮಿಷ ಇಟ್ಟರೆ ಮೇಲ್ಮೈಯ ಎರಡು ಬಗೆಯ ಕೀಟನಾಶಕ ಚೆನ್ನಾಗಿ ಹೋಗುತ್ತದೆ ಅಂತ ತೋರಿಸಿದರು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಹೋಗಲಿಲ್ಲ. ವಿನೆಗರ್, ಸೋಡಾ ಎರಡನ್ನೂ ಒಟ್ಟಿಗೆ ಸುರಿದರೆ ಬುರುಗು ಬರುತ್ತದೆ, ನೋಡುವುದಕ್ಕೆ ಏನೋ ಆಗುತ್ತಿರುವ ಹಾಗೆ ಕಾಣುತ್ತದೆ, ಆದರೆ ಒಂದು ಹುಳಿ, ಒಂದು ಕ್ಷಾರ, ಒಂದರ ಶಕ್ತಿಯನ್ನು ಇನ್ನೊಂದು ಮುಗಿಸಿಬಿಡುತ್ತದೆ.

ಉಪ್ಪು, ಅರಿಶಿನ ಹಾಕಿದ ಬಿಸಿನೀರಿನಲ್ಲಿ ಹೂಕೋಸು ಮುಳುಗಿಸುವುದು ನಮ್ಮ ಎಲ್ಲರ ಮನೆಯ ಪದ್ಧತಿ. ಒಳ್ಳೆಯ ಪದ್ಧತಿ, ಬಿಡಬೇಡಿ. ಐದು ನಿಮಿಷಕ್ಕೆ ಹಸಿರು ಹುಳುಗಳು ತೇಲುತ್ತವೆ. ಆದರೆ ಆ ಹಸಿರು ಹುಳು ಚಿಟ್ಟೆ, ಪತಂಗದ ಮರಿ. ಅಸಹ್ಯ ಆಗುತ್ತದೆ ನಿಜ, ಅದರಿಂದ ಕಾಯಿಲೆ ಬರುವುದಿಲ್ಲ.

"ಎಲೆಕೋಸಿನ ಹುಳ ಮಿದುಳಿಗೆ ಹೋಗುತ್ತೆ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಇದರಲ್ಲಿ ಅರ್ಧ ನಿಜ ಇದೆ, ಆ ಅರ್ಧವನ್ನು ಸರಿಯಾಗಿ ತಿಳಿಯುವುದು ತುಂಬಾ ಮುಖ್ಯ. ಮಿದುಳಿಗೆ ಹೋಗುವುದು, ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಬೆಳೆಯುವ ಲಾಡಿಹುಳದ ಮರಿ. ಹೊಟ್ಟೆಯಲ್ಲಿ ಲಾಡಿಹುಳ ಇರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಗೆ ಬರುತ್ತವೆ. ಬಯಲಿನಲ್ಲಿ ಹೋದದ್ದು ಅಥವಾ ಕೊಳಚೆ ನೀರು ಹೊಲಕ್ಕೆ ಸೇರಿದರೆ ಮೊಟ್ಟೆ ತರಕಾರಿಗೆ ಅಂಟುತ್ತದೆ. ಎಲೆಕೋಸೇ ಆಗಬೇಕೆಂದಿಲ್ಲ, ಸೊಪ್ಪು, ಕ್ಯಾರೆಟ್, ಮೂಲಂಗಿ ಯಾವುದಕ್ಕೂ ಅಂಟಬಹುದು. ಹಂದಿಮಾಂಸ ತಿನ್ನದವರಿಗೂ, ಶುದ್ಧ ಸಸ್ಯಾಹಾರಿಗಳಿಗೂ ಈ ಕಾಯಿಲೆ ಬರುವುದು ಹೀಗೆ. ಮೊಟ್ಟೆ ಹೊಟ್ಟೆಗೆ ಹೋಗಿ ಒಡೆದು, ಮರಿ ರಕ್ತದ ಮೂಲಕ ಮಿದುಳು ಸೇರಿ ಗಂಟಾಗಿ ಕೂತರೆ ಫಿಟ್ಸ್ ಬರುತ್ತದೆ. ಈ ಕಾಯಿಲೆ ಬೇರೂರಿರುವ ಪ್ರದೇಶಗಳಲ್ಲಿ ಫಿಟ್ಸ್ ಇರುವ ನೂರು ಜನರಲ್ಲಿ ಸುಮಾರು ಮೂವತ್ತು ಜನಕ್ಕೆ ಇದೇ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಹುಳು ಕಾಣಲಿಲ್ಲ ಅಂತ ಎಲೆಕೋಸನ್ನು ಹಸಿಯಾಗಿ ತಿನ್ನುವುದು, ಹುಳು ಕಂಡಿತು ಅಂತ ಹೂಕೋಸನ್ನೇ ಬಿಸಾಡುವುದು, ಎರಡೂ ಬೇಡ. ಹೊರಗಿನ ಎರಡು ಮೂರು ಎಲೆ ತೆಗೆಯಿರಿ, ಬಿಡಿಸಿ ತೊಳೆಯಿರಿ, ಬೇಯಿಸಿ. ಬೇಯಿಸಿದರೆ ಮೊಟ್ಟೆ ಸಾಯುತ್ತದೆ. ಹೊರಗೆ ತಿನ್ನುವಾಗ ಹಸಿ ಎಲೆಕೋಸು ಹೆಚ್ಚಿ ಹಾಕಿದ ರೋಲ್, ಬರ್ಗರ್ ಕಂಡರೆ ನಾನು ಈಗ ಎಲೆಕೋಸು ಹಾಕಬೇಡಿ ಅಂತ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಮಕ್ಕಳಿಗೆ ಮಾತ್ರೆ ಕೊಡುತ್ತಾರಲ್ಲ, ಆ ಜಂತುಹುಳದ ಮೊಟ್ಟೆಯೂ ಇದೇ ದಾರಿಯಲ್ಲಿ ಬರುತ್ತದೆ.

ಇನ್ನು ಅಡುಗೆಮನೆಯೊಳಗೆ. ಮೀನು, ಕೋಳಿ ಮಾಡುವ ಮನೆಯಲ್ಲಿ ಅದನ್ನು ಕತ್ತರಿಸಿದ ಈಳಿಗೆಮಣೆ, ಚಾಕು, ಮಣೆಯಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚಬಾರದು. ಎರಡು ಮಣೆ ಇಟ್ಟುಕೊಳ್ಳುವುದು ಒಳ್ಳೆಯದು. ಆಗದಿದ್ದರೆ ಮೊದಲು ಹಸಿ ತಿನ್ನುವ ತರಕಾರಿ ಹೆಚ್ಚಿ ಮುಗಿಸಿ, ಎತ್ತಿಟ್ಟು, ಆಮೇಲೆ ಕೋಳಿ ಮುಟ್ಟಿ. ಸಿಂಕಿನಲ್ಲಿ ಕೋಳಿ ತೊಳೆಯುವಾಗ ನೀರಿನ ಹನಿ ಸುತ್ತ ಸಿಡಿಯುತ್ತದೆ, ಪಕ್ಕದಲ್ಲಿ ತೊಳೆದಿಟ್ಟ ಕೊತ್ತಂಬರಿ ಇದ್ದರೆ ಅದರ ಮೇಲೂ ಬೀಳುತ್ತದೆ. ನಮ್ಮದು ಸಸ್ಯಾಹಾರಿ ಮನೆ, ನಮಗೇನೂ ಇಲ್ಲ ಅನ್ನಬೇಡಿ. ಆಲೂಗೆಡ್ಡೆಯ ಮಣ್ಣು ಇರುವ ಮಣೆ, ನೆಲದ ಮೇಲೆ ಉರುಳಾಡಿದ ತೆಂಗಿನಕಾಯಿಯ ನಾರು ಮುಟ್ಟಿದ ಕೈ, ಎಲ್ಲ ಒಂದೇ.

ಮಸಿಬಟ್ಟೆ. ಇದೊಂದನ್ನು ನಾನು ಬಿಡುವುದಿಲ್ಲ. ಕಟ್ಟೆ ಒರೆಸಿ, ಬಿಸಿ ಪಾತ್ರೆ ಇಳಿಸಿ, ಕೈ ಒರೆಸಿ, ಕೊನೆಗೆ ಅದರಲ್ಲೇ ತೊಳೆದ ಸೇಬು ಒರೆಸುತ್ತೇವೆ. ದಿನವಿಡೀ ಒದ್ದೆಯಾಗಿಯೇ ಇರುವ ಬಟ್ಟೆ ಅದು. ತೊಳೆದು ಶುದ್ಧವಾದ ಹಣ್ಣಿಗೆ ಮತ್ತೆ ಹಚ್ಚಿದ ಹಾಗೆ. ಹಣ್ಣು, ಸೊಪ್ಪು ಒರೆಸಲು ಬೇರೆ ಬಟ್ಟೆ ಇಡಿ, ದಿನಾ ಬದಲಾಯಿಸಿ, ಒಗೆದು ಬಿಸಿಲಿನಲ್ಲಿ ಒಣಗಿಸಿ. ನಮ್ಮ ಮನೆಯಲ್ಲಿ ಈಗ ಏಳು ಬಿಳಿ ಬಟ್ಟೆ ಇವೆ, ವಾರದ ಒಂದೊಂದು ದಿನಕ್ಕೆ ಒಂದೊಂದು. ಕೈಯಲ್ಲಿ ಗಾಯ ಇದ್ದವರು, ಹೊಟ್ಟೆ ಕೆಟ್ಟವರು ಕೋಸಂಬರಿಯಂಥ ಹಸಿ ಅಡುಗೆಗೆ ಕೈ ಹಾಕಲೇಬಾರದು. ಗಾಯದ ಕೀವಿನಲ್ಲಿ ಇರುವ ಸ್ಟೆಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಆಹಾರದಲ್ಲಿ ವಿಷ ಬಿಡುತ್ತದೆ, ಆ ವಿಷ ಬೇಯಿಸಿದರೂ ಹೋಗುವುದಿಲ್ಲ.

ಹೆಚ್ಚಿದ ಮೇಲೆ ಎಷ್ಟು ಹೊತ್ತು? ಹೊರಗೆ ಇದ್ದರೆ ಎರಡು ಗಂಟೆ, 32 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇದ್ದರೆ ಒಂದೇ ಗಂಟೆ. ರಾಯಚೂರು, ಕಲಬುರಗಿಯ ಬೇಸಿಗೆಗೆ, ಮಂಗಳೂರಿನ ಸೆಕೆಗೆ ಒಂದು ಗಂಟೆ ಅಂತಲೇ ಇಟ್ಟುಕೊಳ್ಳಿ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹಾಗಾಗಿ ಫ್ರಿಜ್ 5 ಡಿಗ್ರಿಯೊಳಗೆ ಇರಬೇಕು. ಬಾಗಿಲು ಸರಿಯಾಗಿ ಮುಚ್ಚದ, ಗಾಳಿ ಆಡದಷ್ಟು ತುಂಬಿಟ್ಟ ಫ್ರಿಜ್ ಅಷ್ಟು ತಣ್ಣಗಿರುವುದಿಲ್ಲ. ಲಿಸ್ಟೀರಿಯಾ ಫ್ರಿಜ್‌ನಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಬಸುರಿಯರಿಗೆ ಅದು ಬಂದರೆ ಗರ್ಭಪಾತವೂ ಆಗಬಹುದು, ಅವರು ಮೊದಲೇ ಹೆಚ್ಚಿಟ್ಟ ಹಣ್ಣು ತಿನ್ನುವುದೇ ಬೇಡ. ರಸ್ತೆ ಬದಿ ಹೆಚ್ಚಿಟ್ಟ ಪರಂಗಿ, ಕಲ್ಲಂಗಡಿ ಬದಲು ಇಡೀ ಹಣ್ಣು ಕೊಂಡು ಮನೆಯಲ್ಲಿ ಹೆಚ್ಚಿ. ಅಲ್ಲೇ ತಿನ್ನಬೇಕು ಅನ್ನಿಸಿದರೆ ನಿಮ್ಮ ಕಣ್ಣೆದುರಿಗೆ ಹೆಚ್ಚಿಸಿಕೊಳ್ಳಿ, ಬಾಳೆಹಣ್ಣು, ಕಿತ್ತಳೆಯ ಹಾಗೆ ನೀವೇ ಸುಲಿಯುವ ಹಣ್ಣಾದರೆ ಇನ್ನೂ ಒಳ್ಳೆಯದು. ತಂದ ಕೂಡಲೇ ಸೊಪ್ಪು ತೊಳೆದು ಒದ್ದೆಯಾಗಿಯೇ ಫ್ರಿಜ್‌ಗೆ ತುರುಕಬೇಡಿ, ಕೊಳೆಯುತ್ತದೆ. ಪೇಪರಿನಲ್ಲಿ ಸುತ್ತಿಟ್ಟು ಬೇಕಾದಾಗ ತೊಳೆಯಿರಿ.

ಮೊಳಕೆ ಕಾಳಿನ ವಿಷಯ ಹೇಳಿದರೆ ಎಷ್ಟೋ ಜನಕ್ಕೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಆರೋಗ್ಯಕ್ಕೆ ಅಂತ ಹಸಿ ಮೊಳಕೆ ತಿನ್ನುವ ರೂಢಿ ಈಗ ಜಾಸ್ತಿಯಾಗಿದೆ. 2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಆರೋಗ್ಯವಂತರೇ ರಕ್ತಭೇದಿ, ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. ಮೊದಲು ಸ್ಪೇನ್‌ನ ಸೌತೆಕಾಯಿ ಮೇಲೆ ಅನುಮಾನ ಬಂತು, ಅಲ್ಲಿನ ರೈತರ ಬೆಳೆ ಮಾರಾಟವಾಗದೆ ಕೊಳೆಯಿತು. ಕೊನೆಗೆ ಸಿಕ್ಕಿದ್ದು ಮೆಂತ್ಯದ ಮೊಳಕೆ, ಈಜಿಪ್ಟ್‌ನಿಂದ ಬಂದ ಮೆಂತ್ಯದಿಂದ ಮೊಳಕೆ ಬರಿಸಿದ್ದು. ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಇದಕ್ಕೆ ಮೊದಲು 1996ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ಸಾವಿರಾರು ಶಾಲಾ ಮಕ್ಕಳು ಮಲಗಿದರು, ಆಗ ಅನುಮಾನ ಮೂಲಂಗಿ ಮೊಳಕೆಯ ಮೇಲೆ.

ಮೊಳಕೆಯೇ ಯಾಕೆ ಅಂದರೆ, ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಒಂದೆರಡು ಬ್ಯಾಕ್ಟೀರಿಯಾ ಅಡಗಿದ್ದರೂ ಸಾಕು, ಮೊಳಕೆಗೆ ಬೇಕಾದ ಒದ್ದೆ, ಬೆಚ್ಚಗಿನ ಬಟ್ಟೆಯೊಳಗಿನ ಎರಡು ದಿನ ಅವಕ್ಕೂ ಹಬ್ಬ. ಮೊಳಕೆ ಬಂದ ಮೇಲೆ ಎಷ್ಟು ತೊಳೆದರೂ ಅವು ಹೋಗುವುದಿಲ್ಲ. ನಮ್ಮ ಹಿರಿಯರು ಮೊಳಕೆ ಕಾಳಿನ ಸಾರು, ಉಸಲಿ ಮಾಡುತ್ತಿದ್ದರು, ಎರಡೂ ಬೇಯಿಸಿದ ಅಡುಗೆ. ಅದೇ ಸರಿ. ಸಲಾಡಿಗೆ ಬೇಕೇ ಬೇಕು ಅಂದರೆ ಹಬೆಯಲ್ಲಿ ಚೆನ್ನಾಗಿ ಬಿಸಿಯಾಗುವ ತನಕ ಬೇಯಿಸಿ. ಮಕ್ಕಳಿಗೆ, ಬಸುರಿಯರಿಗೆ ಹಸಿ ಮೊಳಕೆ ಕೊಡಬೇಡಿ.

ತೊಳೆದರೂ ಹೋಗದ ಇನ್ನು ಕೆಲವು ಇವೆ. ಗಿಳಿ ಕಚ್ಚಿದ ಸೀಬೆ ಸಿಹಿ ಅನ್ನುತ್ತೇವೆ, ಆದರೆ ಕಚ್ಚಿದ್ದು ಗಿಳಿಯೋ ಬಾವಲಿಯೋ ಯಾರಿಗೆ ಗೊತ್ತು? 2018ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಬಾವಲಿಯಿಂದ ಹರಡುವ ನಿಪಾ ವೈರಸ್ ಬಂದ ಮೇಲೆ ಕಚ್ಚಿದ ಗುರುತಿರುವ ಹಣ್ಣನ್ನು ಇಡಿಯಾಗಿ ಬಿಸಾಡುವುದೇ ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಸೋರೆಕಾಯಿ ಕಹಿ ಇದ್ದರೆ ಜ್ಯೂಸ್ ಮಾಡಬೇಡಿ, ಅಡುಗೆಗೂ ಬೇಡ. ಆ ಕಹಿಯೇ ವಿಷ, ಅದರ ಜ್ಯೂಸ್ ಕುಡಿದು ಜನ ಸತ್ತದ್ದಿದೆ. ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಅನ್ನಿಸಿದರೆ ಉಗುಳಿ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನೊಳಗೆ ಸೇರಿದ ಸೀಸ, ಕ್ಯಾಡ್ಮಿಯಂ ತೊಳೆದರೂ ಬೇಯಿಸಿದರೂ ಹೋಗದು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ, ಆ ನೀರಿನಲ್ಲಿ ಬೇಸಾಯ ನಡೆಯುತ್ತದೆ. ರೈತರಿಗೆ ಬೇರೆ ನೀರಿಲ್ಲ. ಅದು ಅಡುಗೆಮನೆಯಲ್ಲಿ ಪರಿಹಾರ ಆಗುವ ವಿಷಯವಲ್ಲ, ನದಿ ಶುದ್ಧವಾಗಬೇಕು.

ಹೊಟ್ಟೆ ಕೆಟ್ಟಾಗ ನಾವು ಕೊನೆಗೆ ತಿಂದದ್ದನ್ನು ಬೈಯುತ್ತೇವೆ. ಅದು ತಪ್ಪಿರಬಹುದು. ಸ್ಟೆಫಿಲೊಕಾಕಸ್ ವಿಷವಾದರೆ ಕೆಲವೇ ಗಂಟೆಯಲ್ಲಿ ವಾಂತಿ ಬರುತ್ತದೆ. ಅಪಾಯದ ಇ. ಕೋಲಿ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ಕಾಣಿಸಿಕೊಳ್ಳಲು ಸುಮಾರು ಒಂದು ತಿಂಗಳು. ಯಾವುದೇ ಆಗಲಿ, ಮೊದಲು ನೀರು ಮತ್ತು ಓಆರ್‌ಎಸ್, ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ. ಮಲದಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು, ಇದರಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಬಸುರಿಯಾದರೆ ಇಷ್ಟಕ್ಕೂ ಕಾಯಬೇಡಿ.

ಅಕ್ಕನ ಮಗಳು ಎರಡು ದಿನದಲ್ಲಿ ಮನೆಗೆ ಬಂದಳು, ಮಗು ಚೆನ್ನಾಗಿ ಹುಟ್ಟಿತು. ಈಗ ರಾಮನವಮಿಗೆ ಹೆಸರುಬೇಳೆಯನ್ನು ರಾತ್ರಿಯೇ ನೆನೆಸುವುದಿಲ್ಲ, ಪೂಜೆ ಶುರುವಾಗುವಾಗ ಕುದಿಸಿ ಆರಿಸಿದ ನೀರಿನಲ್ಲಿ ನೆನೆಹಾಕುತ್ತೇವೆ, ಒಂದು ಗಂಟೆ ಸಾಕು. ಸೌತೆಕಾಯಿ ತೊಳೆದು ಇಡಿಯಾಗಿಯೇ ಫ್ರಿಜ್‌ನಲ್ಲಿರುತ್ತದೆ. ಮಂಗಳಾರತಿ ಗಂಟೆ ಕೇಳಿದ ಮೇಲೆ ಅತ್ತೆ ಈಳಿಗೆಮಣೆ ಮುಂದೆ ಕೂರುತ್ತಾರೆ, ನಾನು ಕಾಯಿ ತುರಿಯುತ್ತೇನೆ. ಉಪ್ಪು, ನಿಂಬೆರಸ ಬೆರೆಸುವುದು ಬಡಿಸುವ ಪಾತ್ರೆಯಲ್ಲೇ, ಒಂದು ಸಲಕ್ಕೆ ಅರ್ಧ ಪಾತ್ರೆ ಕೋಸಂಬರಿಗಷ್ಟೇ. ಕಳೆದ ವರ್ಷ ಒಬ್ಬರು ಮನೆಗೆ ತೆಗೆದುಕೊಂಡು ಹೋಗಲು ಡಬ್ಬಿ ತಂದಿದ್ದರು. ಅತ್ತೆ ಪಾನಕ ತುಂಬಿಕೊಟ್ಟು, "ಕೋಸಂಬರಿ ಇಲ್ಲೇ ತಿಂದುಬಿಡಿ, ಇನ್ನೊಂದು ಸೌಟು ಹಾಕ್ತೀನಿ" ಅಂದರು.